ಸೈಕಲ್ ಟ್ಯೂಬ್ ಸುತ್ತಿದ ಜೋಳದ ಕೊಳವೆ

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಒಳಕ್ಕೆ ಇರುವ ವೆಲ್ಡಿಂಗ್ ಅಂಗಡಿಯೊಂದರಲ್ಲಿ 160 ರೂಪಾಯಿ ಕೊಟ್ಟು ಮೆಕ್ಕೆಜೋಳ ಬಿಡಿಸುವ ಕೊಳವೆ ತಂದೆ. ಎಂಟು ಮೂಲೆಯ ಕಬ್ಬಿಣದ ಗಿಡ್ಡ ಕೊಳವೆ, ಒಳಗೆ ಓರೆಯಾದ ನಾಲ್ಕು ಪಟ್ಟಿ. ಎಡಗೈಯಲ್ಲಿ ಅದನ್ನು ಹಿಡಿದು, ಬಲಗೈಯಿಂದ ತೆನೆ ತೂರಿಸಿ ಹಿಂದೆ ಮುಂದೆ ತಿರುಗಿಸಿದರೆ ಕಾಳು ಉದುರಿ ಬೆಂಡು ಕೈಯಲ್ಲಿ ಉಳಿಯುತ್ತದೆ. ಕಾಳು ಒಡೆಯುವುದಿಲ್ಲ. ಐದಾರು ಎಕರೆ ಜೋಳ ಬೆಳೆದವರು ಇದನ್ನು ಕೊಳ್ಳಬೇಡಿ, ಟ್ರ್ಯಾಕ್ಟರ್ ಯಂತ್ರ ಕರೆಸಿ. ನನ್ನ ಹಾಗೆ ಎರಡು ಹಸು, ಹನ್ನೊಂದು ಕೋಳಿಗೆಂದು ವಾರಕ್ಕೊಂದು ಬುಟ್ಟಿ ಬಿಡಿಸುವವರಿಗೆ ಸಾಕು.

ಕೊಳವೆ ಹೊಸದಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಇಂಥದ್ದನ್ನು ಹಿಂದೆಯೇ ರೂಪಿಸಿದೆ. ಹೊಸದು ಮೇಲೆ ಸುತ್ತಿದ ರಬ್ಬರ್. ಮೂರು ವರ್ಷದ ಹಿಂದೆ ಇದೇ ಅಂಗಡಿಯಿಂದ ತಂದದ್ದು ಬರಿಯ ಕಬ್ಬಿಣ. ಬೆವರಿದ ಕೈಯಲ್ಲಿ ಜಾರುತ್ತಿತ್ತು, ಮೂಲೆ ಒತ್ತಿ ಅಂಗೈಯಲ್ಲಿ ಬೊಬ್ಬೆ ಏಳುತ್ತಿತ್ತು. ಒಂದು ಮಧ್ಯಾಹ್ನ ನಮ್ಮತ್ತೆ, ಮಾವನವರ ಸೈಕಲ್ಲಿನ ಹಳೆಯ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಬಿಗಿಯಾಗಿ ಸುತ್ತಿಬಿಟ್ಟರು. ಒಳಗಿನ ಪಟ್ಟಿಯೊಂದು ಬಿಟ್ಟುಕೊಂಡಾಗ ಬೆಸುಗೆಗೆಂದು ಒಯ್ದೆ. ಅಂಗಡಿಯವರು ಬೆಸುಗೆಯನ್ನು ಮರೆತು ರಬ್ಬರನ್ನೇ ತಿರುವಿ ತಿರುವಿ ನೋಡಿದರು. "ಇದನ್ನು ಸುತ್ತಿದ್ದು ಯಾರಮ್ಮಾ?" ಎಂದು ಕೇಳಿದರು. ಅವರ ಬಾಗಿಲ ಹಿಂಬದಿಯಲ್ಲಿ ಗಿರಾಕಿಗಳ ದೂರುಗಳನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟಿರುತ್ತಾರೆ. ಅಂದು ಅಲ್ಲಿ ಇನ್ನೊಂದು ಸಾಲು ಸೇರಿತು.

ಎಂಜಿನಿಯರಿಂಗ್ ಓದುವ ಮಗಳಿಗೆ ಇದನ್ನು ಹೇಳಿದರೆ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ವೈಜ್ಞಾನಿಕ ಉಪಕರಣಗಳಲ್ಲಿ ಬಂದ ಮುಖ್ಯ ಸುಧಾರಣೆಗಳಲ್ಲಿ ಹೆಚ್ಚಿನವನ್ನು ಮೊದಲು ಮಾಡಿಕೊಂಡವರು ತಯಾರಕರಲ್ಲ, ಬಳಸುವವರೇ ಎಂದು ಎರಿಕ್ ವಾನ್ ಹಿಪೆಲ್ ಎಂಬ ಪ್ರಾಧ್ಯಾಪಕರು 1976ರಲ್ಲೇ ತೋರಿಸಿದ್ದಾರಂತೆ. ಪ್ರಯೋಗಾಲಯದ ವಿಜ್ಞಾನಿಗಳ ಸಾಲಿನಲ್ಲಿ ನಮ್ಮತ್ತೆಯನ್ನು ಕೂರಿಸಿದ ಮಗಳ ಮೇಲೆ ನನಗೆ ಪ್ರೀತಿ ಉಕ್ಕಿತು.

ಕೊರತೆಯೂ ಇದೆ. ಮಳೆ ಕೈಕೊಟ್ಟ ವರ್ಷ ನಮ್ಮ ಖುಷ್ಕಿ ಹೊಲದ ತೆನೆ ಸಣ್ಣಗಿರುತ್ತದೆ. ಅದು ಕೊಳವೆಯಲ್ಲಿ ಪಟ್ಟಿಗೆ ತಾಗದೆ ಹಾಗೆಯೇ ಆಚೆ ಬರುತ್ತದೆ. ಸಣ್ಣ ಅಳತೆಯದು ಬೇಕೆಂದೆ, ಅದನ್ನೂ ಬಾಗಿಲ ಮೇಲೆ ಬರೆದುಕೊಂಡರು. ತುದಿಯ ಕಾಳುಗಳನ್ನು ಮಾತ್ರ ಈಗಲೂ ಹೆಬ್ಬೆರಳಿನಿಂದಲೇ ಬಿಡಿಸಬೇಕು.

ಹಳೆಯದಕ್ಕೆ 140 ಕೊಟ್ಟಿದ್ದೆ. ಈ ಸಲ ಇಪ್ಪತ್ತು ಏಕೆ ಹೆಚ್ಚು ಎಂದರೆ "ರಬ್ಬರಿನದಮ್ಮಾ" ಎಂದರು. ಮನೆಗೆ ಬಂದು ಅದನ್ನು ಹೇಳಿದೆ. ಅತ್ತೆ ಎರಡು ದಿನ ಹೊಸ ಕೊಳವೆಯನ್ನು ಮುಟ್ಟಲಿಲ್ಲ.