ನಂದಾದೀಪ ಮತ್ತು ಕೆಂಡದ ಕಡ್ಡಿ

ನಾವಿರುವುದು ಷಿಕಾಗೋ ಹತ್ತಿರ. ಬೇಸ್‌ಮೆಂಟಿನಲ್ಲಿ ಗ್ಯಾಸಿನ ಎರಡು ಯಂತ್ರಗಳಿವೆ: ನೀರು ಕಾಯಿಸುವ ಟ್ಯಾಂಕು, ಮನೆ ಬೆಚ್ಚಗಿಡುವ ಫರ್ನೇಸು. ಹೊತ್ತಿಕೊಳ್ಳುವ ರೀತಿ ಮಾತ್ರ ಬೇರೆ ಬೇರೆ. ಏಳು ಚಳಿಗಾಲ ಎರಡರ ಜೊತೆಗೂ ಏಗಿದ್ದೇನೆ.

ಟ್ಯಾಂಕಿನದು ಪೈಲಟ್, ಅಂದರೆ ಸದಾ ಉರಿಯುತ್ತಲೇ ಇರುವ ಪುಟ್ಟ ಉರಿ. ಕೆಳಗಿನ ಪುಟ್ಟ ಗಾಜಿನಲ್ಲಿ ಬಗ್ಗಿ ನೋಡಿದರೆ ಹಗಲೂ ರಾತ್ರಿ ಒಂದು ನೀಲಿ ಜ್ವಾಲೆ. ಅಮ್ಮ ಬಂದಿದ್ದಾಗ ‘ನಂದಾದೀಪ ಇಟ್ಟಿದ್ದೀಯಲ್ಲೋ’ ಅಂದಿದ್ದರು. ಆ ಜ್ವಾಲೆಯೊಳಗೆ ಥರ್ಮೋಕಪಲ್‌ನ, ಅಂದರೆ ಶಾಖದಿಂದ ಕರೆಂಟು ಹುಟ್ಟಿಸುವ ಸಾಧನದ, ತುದಿ ಬಿಸಿಯಾಗುತ್ತಿರುತ್ತದೆ. ಅದರಿಂದ ಹುಟ್ಟುವುದು ಬರೀ 25–30 ಮಿಲಿವೋಲ್ಟ್. ಗ್ಯಾಸಿನ ಸುರಕ್ಷತಾ ವಾಲ್ವು ತೆರೆದು ಹಿಡಿಯಲು ಅಷ್ಟು ಸಾಕು. ಜ್ವಾಲೆ ಆರಿತೋ, ತುದಿ ತಣ್ಣಗಾಗಿ ವಾಲ್ವು ತಾನೇ ಮುಚ್ಚುತ್ತದೆ. ಮತ್ತೆ ಹಚ್ಚುವುದೇ ಗೋಳು. ಗ್ಯಾಸ್ ಆಫ್ ಮಾಡಿ ಐದು ನಿಮಿಷ ಕಾಯಬೇಕು, ನೆಲದ ಹತ್ತಿರವೂ ಮೂಸಿ ನೋಡಬೇಕು. ವಾಸನೆ ಇದ್ದರೆ ಮುಟ್ಟದೆ ಹೊರಗೆ ಹೋಗಿ ಗ್ಯಾಸ್ ಕಂಪನಿಗೆ ಫೋನ್ ಮಾಡಬೇಕು. ಇಲ್ಲದಿದ್ದರೆ ತಣ್ಣನೆಯ ಕಾಂಕ್ರೀಟಿನ ಮೇಲೆ ಮಂಡಿಯೂರಿ, ಗುಂಡಿ ಒತ್ತಿ ಹಿಡಿದು, ಕಿಡಿ ಹಾರಿಸುವ ಬಟನ್ ಟಿಕ್ ಟಿಕ್ ಅನ್ನಿಸಿ, ಹೊತ್ತಿದ ಮೇಲೂ ಸುಮಾರು ಒಂದು ನಿಮಿಷ ಬೆರಳು ತೆಗೆಯುವಂತಿಲ್ಲ.

ಫರ್ನೇಸಿಗೆ ಈ ರಗಳೆ ಇಲ್ಲ. ಮೊದಲು ಸಣ್ಣ ಫ್ಯಾನು ಗುಯ್ ಅನ್ನುತ್ತದೆ. ಆಮೇಲೆ ಒಂದು ಕಡ್ಡಿ ಕರೆಂಟಿನಿಂದ ಕಾದು ಕೆಂಡದಂತೆ ಕೆಂಪಾಗುತ್ತದೆ. ಗ್ಯಾಸು ಬಂದು ಭುಸ್ ಎಂದು ಹತ್ತಿಕೊಳ್ಳುತ್ತದೆ. ಬೆಂಕಿ ಹತ್ತಿದೆಯೋ ಇಲ್ಲವೋ ಎಂದು ನೋಡಲು ಇನ್ನೊಂದು ಸರಳು, ಫ್ಲೇಮ್ ಸೆನ್ಸರ್. ಇದಕ್ಕೆ ಮಸಿ ಮೆತ್ತಿದರೆ ಉರಿ ಹತ್ತಿ ನಾಲ್ಕೈದು ಸೆಕೆಂಡಿಗೆ ಆರುತ್ತದೆ, ಮತ್ತೆ ಹತ್ತುತ್ತದೆ, ಮತ್ತೆ ಆರುತ್ತದೆ. ನಮ್ಮದು ಎರಡು ಸಲ ಹೀಗಾಯಿತು. ಕರೆಂಟು, ಗ್ಯಾಸು ಎರಡೂ ಆಫ್ ಮಾಡಿ, ಸರಳು ಬಿಚ್ಚಿ, ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜಿದೆ. ಸರಿಹೋಯಿತು. ಆದರೆ ಮೊದಲ ಸಲ ಪಕ್ಕದ ಕೆಂಡದ ಕಡ್ಡಿಗೆ ಸ್ಪ್ಯಾನರ್ ತಾಗಿಸಿಬಿಟ್ಟೆ. ಸಿಲಿಕಾನ್ ಕಾರ್ಬೈಡಿನದು, ಹಪ್ಪಳದಂತೆ ಮುರಿಯಿತು. ಹೊಸದು ಸಿಲಿಕಾನ್ ನೈಟ್ರೈಡ್, ಗಟ್ಟಿ.

ಗ್ಯಾಸಿನ ಲೆಕ್ಕದಲ್ಲಿ ಕೆಂಡದ ಕಡ್ಡಿಯೇ ಲಾಭ, ಕೆಲಸವಿಲ್ಲದಾಗ ಏನೂ ಉರಿಯುವುದಿಲ್ಲ. ಫರ್ನೇಸಿಗೂ ಪೈಲಟ್ ಇದ್ದಿದ್ದರೆ ಬೇಸಿಗೆಯಲ್ಲೂ ಅದನ್ನು ಉರಿಸುವುದು ಶುದ್ಧ ದಂಡ. ಟ್ಯಾಂಕಿನಲ್ಲಿ ಅಷ್ಟು ದಂಡವಲ್ಲ, ಅದರ ಶಾಖ ಸ್ವಲ್ಪವಾದರೂ ನೀರಿಗೇ ಹೋಗುತ್ತದಲ್ವಾ?

ಕರೆಂಟು ಹೋದಾಗ ಮಾತ್ರ ಲೆಕ್ಕ ತಿರುಗಿಬಿತ್ತು. ಒಂದು ಜನವರಿ ರಾತ್ರಿ ಹನ್ನೊಂದು ಗಂಟೆ ಕಾಲ ಕತ್ತಲೆ. ಫರ್ನೇಸು ಸುಮ್ನೆ ನಿಂತಿತ್ತು. ಟ್ಯಾಂಕಿಗೆ ಕರೆಂಟಿನ ಗೊಡವೆಯೇ ಇಲ್ಲ. ಸ್ವೆಟರ್ ಮೇಲೆ ಜಾಕೆಟ್ ಹಾಕಿ ನಡುಗುತ್ತಿದ್ದ ನಾವು ಒಬ್ಬೊಬ್ಬರಾಗಿ ಬಚ್ಚಲಿಗೆ ಹೋಗಿ ಬಿಸಿನೀರು ಸುರಿದುಕೊಂಡು ಬಂದೆವು.