ರಾತ್ರಿ ಬ್ಯಾಚ್‌ಗೆ ಮುಂಚೆ: ಟೈಪ್‌ರನ್ ಸ್ಕ್ಯಾನ್ ಸಾಕಾ, ಜೆಸಿಎಲ್‌ಚೆಕ್ ಬೇಕಾ?

ಮಂಗಳೂರಿನ ಕೊಟ್ಟಾರ, ಮುಡಿಪು ಕಡೆ ಮೇನ್‌ಫ್ರೇಮ್ (ಬ್ಯಾಂಕಿನಂಥ ಕಡೆ ಬಳಸುವ ದೊಡ್ಡ ಕಂಪ್ಯೂಟರ್) ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ: ರಾತ್ರಿ ಓಡುವ ಜಾಬ್‌ನ ಜೆಸಿಎಲ್‌ನಲ್ಲಿ, ಅಂದರೆ ಜಾಬ್ ಹೇಗೆ ಓಡಬೇಕೆಂದು ಮೇನ್‌ಫ್ರೇಮ್‌ಗೆ ಹೇಳುವ ಸಾಲುಗಳಲ್ಲಿ, ತಪ್ಪಿದೆಯಾ ಅಂತ ಮೊದಲೇ ನೋಡುವುದು ಹೇಗೆ?

ಜಾಬ್ ಕಾರ್ಡಿನಲ್ಲಿ (ಜೆಸಿಎಲ್‌ನ ಮೊದಲಿನ ಜಾಬ್ ಸಾಲು) ಟೈಪ್‌ರನ್=ಸ್ಕ್ಯಾನ್ ಹಾಕಿದರೆ ಜಾಬ್ ಓಡುವುದಿಲ್ಲ, ಸಿಂಟ್ಯಾಕ್ಸ್ (ಬರೆಯುವ ನಿಯಮ) ಮಾತ್ರ ನೋಡುತ್ತದೆ. ಬೇರೆ ಖರ್ಚೂ ಇಲ್ಲ. ತಪ್ಪು ಕೀವರ್ಡ್, ಸಿಗದ ಪ್ರೊಸೀಜರ್ (ಮೊದಲೇ ಬರೆದಿಟ್ಟ ಜೆಸಿಎಲ್ ತುಣುಕು) ಅಲ್ಲೇ ಗೊತ್ತಾಗುತ್ತದೆ. ಆದರೆ ಡೇಟಾಸೆಟ್ (ಮೇನ್‌ಫ್ರೇಮಿನ ಫೈಲ್) ನಿಜವಾಗಿ ಇದೆಯಾ ಅಂತ ನೋಡುವುದಿಲ್ಲ. ಹೆಸರಲ್ಲಿ ಒಂದಕ್ಷರ ತಪ್ಪಿದ್ದರೂ ಸ್ಕ್ಯಾನ್ ಪಾಸ್. ರಾತ್ರಿ ಓಡುವಾಗ ಐಇಎಫ್212ಐ ಅನ್ನುವ ಎರರ್ ಮೆಸೇಜ್, ಡೇಟಾಸೆಟ್ ನಾಟ್ ಫೌಂಡ್! ಡಿಸ್ಪ್ ಅಂದರೆ ಫೈಲನ್ನು ಹೇಗೆ ಬಳಸಬೇಕು, ಕೊನೆಗೆ ಏನು ಮಾಡಬೇಕು ಅಂತ ಹೇಳುವ ಭಾಗ. ಡಿಸ್ಪ್=ಎಸ್‌ಎಚ್‌ಆರ್ ಆದಮೇಲೆ, ಕಾಮಾಕ್ಕೆ ಮುಂಚೆ ಒಂದು ಸ್ಪೇಸ್ ಬಿದ್ದರೂ ಅಷ್ಟೇ. ಆ ಸಾಲಿನಲ್ಲಿ ಮುಂದಿನದೆಲ್ಲ ಕಾಮೆಂಟ್ ಆಗಿಬಿಡುತ್ತದೆ, ಸ್ಕ್ಯಾನ್ ಚಕಾರ ಎತ್ತುವುದಿಲ್ಲ.

ಬ್ರಾಡ್‌ಕಾಮ್ ಕಂಪನಿಯ ಜೆಸಿಎಲ್‌ಚೆಕ್ ಅನ್ನುವ ಟೂಲ್ ಡೇಟಾಸೆಟ್, ಪ್ರೋಗ್ರಾಂ, ಸೆಕ್ಯುರಿಟಿ ಪರ್ಮಿಶನ್ ಎಲ್ಲ ಜಾಲಾಡುತ್ತದೆ. ಲೈಸೆನ್ಸ್‌ಗೆ ದುಡ್ಡು ಬೇಕು.

ಪ್ರೋಗ್ರಾಂ ಬದಲು ತಾನು ಏನೂ ಮಾಡದ ಐಇಎಫ್‌ಬಿಆರ್14 ಅನ್ನುವ ಪ್ರೋಗ್ರಾಂ ಹಾಕಿ ನೋಡುವವರೂ ಇದ್ದಾರೆ. ಪ್ರೊಡಕ್ಷನ್ ಫೈಲ್ ಮೇಲೆ ದಯವಿಟ್ಟು ಬೇಡ. ಡಿಸ್ಪ್‌ನಲ್ಲಿ ಡಿಲೀಟ್ ಇದ್ದರೆ ಫೈಲ್ ನಿಜವಾಗಿಯೂ ಹೋಗುತ್ತದೆ.

ಟೆಸ್ಟ್ ರೀಜನ್‌ನಲ್ಲಿ ಕಲಿಯುವವರಿಗೆ ಸ್ಕ್ಯಾನ್ ಧಾರಾಳ ಸಾಕು. ಬ್ಯಾಂಕಿನ ದಿನದ ಲೆಕ್ಕ ಮುಗಿಸುವ ಜಾಬ್ ಆದರೆ ಜೆಸಿಎಲ್‌ಚೆಕ್ ಕೇಳಿ ಹಾಕಿಸಿಕೊಳ್ಳಿ. ಅದಿಲ್ಲದ ಕಡೆ ಸ್ಕ್ಯಾನ್ ಆದಮೇಲೆ ಪ್ರತಿ ಡೇಟಾಸೆಟ್ ಹೆಸರನ್ನೂ ಐಎಸ್‌ಪಿಎಫ್ 3.4ರಲ್ಲಿ (ಡೇಟಾಸೆಟ್ ಪಟ್ಟಿ ತೋರಿಸುವ ಮೇನ್‌ಫ್ರೇಮ್ ಪರದೆ) ಹಾಕಿ ನೋಡಿಕೊಳ್ಳಿ.