ಡಬ್ಬಿ ಮೇಲೆ ‘ಫ್ಯಾಬ್ರಿಕ್’ ಅಂತ ಇದ್ದ ಮಾತ್ರಕ್ಕೆ ಕ್ವಿಲ್ಟ್‌ಗೆ ಸ್ಪ್ರೇ ಹೊಡೀಬೇಡಿ

ಕೌದಿ ಥರದ ಕ್ವಿಲ್ಟ್‌ನ ಮೂರು ಪದರ (ಮೇಲ್ಬಟ್ಟೆ, ನಡುವೆ ‘ಬ್ಯಾಟಿಂಗ್’ ಅನ್ನೋ ಹತ್ತಿ ಹಾಸು, ಕೆಳಗೆ ‘ಬ್ಯಾಕಿಂಗ್’ ಬಟ್ಟೆ) ಜೋಡ್ಸೋಕೆ ಪಿನ್ ಚುಚ್ಚಿ ಚುಚ್ಚಿ ಸಾಕಾಗಿ, ಸ್ಪ್ರೇ ಗಮ್ ತಗೊಳ್ಳೋಣ ಅಂತ ಯೋಚ್ನೆ ಮಾಡ್ತಿರೋರು ದಯವಿಟ್ಟು ಇದನ್ನ ಓದ್ಕೊಂಡು ಆಮೇಲೆ ತಗೊಳ್ಳಿ. ಡಬ್ಬಿ ಮೇಲೆ ‘ಟೆಂಪರರಿ’ ಅಂತ ಸ್ಪಷ್ಟವಾಗಿ ಇರ್ಬೇಕು, ಒಗೆದ್ರೆ ಹೋಗುತ್ತೆ ಅಂತಾನೂ ಬರ್ದಿರ್ಬೇಕು. ಬರೀ ‘ಫ್ಯಾಬ್ರಿಕ್’ ಅಂತ ಇದ್ರೆ ಏನೂ ಉಪಯೋಗ ಇಲ್ಲ, ಯಾಕಂದ್ರೆ ಸೋಫಾ ಫೋಮ್‌ಗೆ ಬಟ್ಟೆ ಅಂಟ್ಸೋ ಗಮ್ ಮೇಲೂ ಅದೇ ಬರ್ದಿರುತ್ತೆ, ಅದು ಒಂದ್ಸಲ ಹಿಡಿದ್ರೆ ಬಿಡಬಾರ್ದು ಅಂತಾನೇ ಮಾಡಿರೋದು.

ನಂಗೆ ಸಿಕ್ಕಿದ್ದು ಅದೇ. ಕ್ವಿಲ್ಟ್‌ಗೆ ಬೇಕು, ಆಮೇಲೆ ಒಗೀಬೇಕು ಅಂತ ಬಿಡಿಸಿ ಹೇಳಿ ಕೇಳಿದ್ದೆ, ಅಂಗಡಿಯವ್ರು ‘ಬಟ್ಟೆಗೇ ಮೇಡಂ, ಎಲ್ರೂ ಇದನ್ನೇ ತಗೊಂಡ್ಹೋಗೋದು’ ಅಂತ ಕೈಗಿಟ್ರು. ಮುಂದ್ಗಡೆ ದಪ್ಪ ಅಕ್ಷರದಲ್ಲಿ ಬಟ್ಟೆ, ಫೋಮ್, ಪೇಪರ್ ಅಂತೆಲ್ಲ ಇತ್ತು. ‘ಪರ್ಮನೆಂಟ್’ ಅನ್ನೋದು ಹಿಂದ್ಗಡೆ, ಬೆಂಕಿ ಎಚ್ಚರಿಕೆ ಎಲ್ಲಾ ಇರೋ ಆ ಇರುವೆ ಸಾಲಿನಂಥ ಅಕ್ಷರದ ಮಧ್ಯ ಎಲ್ಲೋ ಇತ್ತು.

ಹೊಡೆದಾಗ ಏನೂ ಗೊತ್ತಾಗ್ಲಿಲ್ಲ ನೋಡಿ. ಬ್ಯಾಕಿಂಗ್ ಬಟ್ಟೇನ ನೆಲಕ್ಕೆ ಟೇಪ್ ಹಾಕಿ ಬಿಗಿಯಾಗಿ ಹರಡಿ, ಮೇಲೆ ಬ್ಯಾಟಿಂಗ್, ಅದರ ಮೇಲೆ ಮೇಲ್ಬಟ್ಟೆ ಹಾಸಿ, ನಡುವಿಂದ ಅಂಚಿಗೆ ಕೈಯಲ್ಲಿ ಸವರ್ಕೊಂಡು ಹೋದ್ರೆ ಎಷ್ಟು ನೀಟಾಗಿ ಕೂತ್ಕೊಳ್ತು ಅಂದ್ರೆ ಇಷ್ಟು ದಿನ ಪಿನ್ ಜೊತೆ ಯಾಕೆ ಒದ್ದಾಡ್ತಿದ್ದೆ ಅನ್ನಿಸ್ತು. ಒಂದು ಮೂಲೇಲಿ ಮಾತ್ರ ಸಣ್ಣ ಸುಕ್ಕು. ಮೇಲ್ಬಟ್ಟೆ ಎತ್ತಿ ಮತ್ತೆ ಹಾಸೋಣ ಅಂತ ಎಳೆದೆ. ಟೆಂಪರರಿ ಸ್ಪ್ರೇ ಆದ್ರೆ ಮೆಲ್ಲಗೆ ಬಿಟ್ಕೊಂಡು ಬರುತ್ತೆ, ಸರಿಮಾಡಿ ಒತ್ತಿದ್ರೆ ಮತ್ತೆ ಹಿಡ್ಕೊಳ್ಳುತ್ತೆ. ಇದು ಬರ್ಲೇ ಇಲ್ಲ. ಬಟ್ಟೆ ಜೊತೆ ಬ್ಯಾಟಿಂಗ್‌ನ ಒಂದು ಪದರಾನೇ ಕಿತ್ಕೊಂಡು ಬಂತು, ಬಟ್ಟೆ ಹಿಂದೆ ಹತ್ತಿ ಎಳೆ ಎಳೆಯಾಗಿ ಅಂಟ್ಕೊಂಡಿದೆ, ಬ್ಯಾಟಿಂಗ್‌ನಲ್ಲಿ ಆ ಜಾಗ ತೆಳ್ಳಗಾಗಿ ಕೆಳಗಿನ ಬಟ್ಟೆ ಪ್ರಿಂಟು ಕಾಣ್ತಿದೆ.

ಹೊಲಿಯೋಕೆ ಕೂತ್ಮೇಲೆ ನಿಜವಾದ ಗೋಳು. ಸ್ವಲ್ಪ ದೂರ ಹೋಗೋ ಅಷ್ಟರಲ್ಲಿ ಹೊಲಿಗೆ ಬಿಡೋಕೆ ಶುರು, ಆಮೇಲೆ ದಾರ ಸೂಜಿ ಕಣ್ಣಿನ ಹತ್ರಾನೇ ಪಿಸಿದು ಪಿಸಿದು ಕಟ್ ಆಗೋದು, ದಾರದ ಬಿಗಿ (ಟೆನ್ಷನ್) ಬದಲಾಯ್ಸಿದೆ, ದಾರ ಬದಲಾಯ್ಸಿದೆ, ಬಾಬಿನ್ ಬಿಚ್ಚಿ ಹಾಕಿದೆ, ಏನ್ ಮಾಡಿದ್ರೂ ಅಷ್ಟೇ. ಸೂಜಿ ಬಿಚ್ಚಿ ಬೆಳಕಿಗೆ ಹಿಡಿದಾಗ ಗೊತ್ತಾಯ್ತು. ಕಣ್ಣಿನ ಸುತ್ತ ಬೂದುಬಣ್ಣದ ಗಮ್ ಕೂತಿತ್ತು, ಅದಕ್ಕೆ ಬ್ಯಾಟಿಂಗ್ ಎಳೆ ಮೆತ್ಕೊಂಡು ಅರ್ಧ ಕಣ್ಣು ಮುಚ್ಚಿಹೋಗಿತ್ತು. ಮಷೀನ್ ಓಡ್ತಾ ಸೂಜಿ ಬಿಸಿ ಆದಷ್ಟೂ ಗಮ್ ಮೆತ್ತಗಾಗಿ ಇನ್ನೂ ಜಾಸ್ತಿ ಹಿಡ್ಕೊಳ್ಳುತ್ತೆ. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದ್ರೆ ಹೋಗುತ್ತೆ, ಆದ್ರೆ ಮುಂದಿನ ಸಾಲಿಗೆ ಮತ್ತೆ ಅದೇ ಕತೆ. ಟೆಂಪರರಿದಾದ್ರೂ ಜಾಸ್ತಿ ಹೊಡೆದ್ರೆ ಸೂಜಿಗೆ ಮೆತ್ಕೊಳ್ಳುತ್ತೆ, ಇಲ್ಲ ಅಂತಲ್ಲ, ಆದ್ರೆ ಈ ಮಟ್ಟಕ್ಕಲ್ಲ.

ಹೆಂಗೋ ಮುಗ್ಸಿ ಒಗೆದ್ರೆ ತಿಳಿಬಣ್ಣದ ತುಂಡುಗಳಲ್ಲಿ ಎಲ್ಲೆಲ್ಲಿ ಗಮ್ ಜಾಸ್ತಿ ಬಿದ್ದಿತ್ತೋ ಅಲ್ಲೆಲ್ಲ ಎಣ್ಣೆ ಕಲೆ ಥರ ಮಚ್ಚೆ, ಮುಟ್ಟಿದ್ರೆ ರಟ್ಟಿನ ಹಾಗೆ ಗಡುಸು. ಇಂಥದ್ದು ಆದಾಗ ಇಸ್ತ್ರಿ ಮಾತ್ರ ಇಡ್ಬೇಡಿ, ಬಿಸಿಗೆ ಗಮ್ ಇನ್ನೂ ಒಳಗಿಳಿದುಬಿಡುತ್ತೆ. ನೈಲ್ ಪಾಲಿಶ್ ರಿಮೂವರ್ ಹಾಕಿ ಉಜ್ಜು ಅಂತ ಯಾರಾದ್ರೂ ಹೇಳ್ತಾರೆ, ಅದರಲ್ಲಿ ಅಸಿಟೋನ್ ಇದ್ರೆ ಬಟ್ಟೆ ಬಣ್ಣ ಬಿಡ್ಬಹುದು, ಅಸಿಟೇಟ್ ಅನ್ನೋ ಕೃತಕ ಬಟ್ಟೆ ಆದ್ರೆ ಕರಗೇ ಹೋಗುತ್ತೆ.

ಇನ್ನೊಂದು, ಇದು ಯಾವ ಸ್ಪ್ರೇ ಆದ್ರೂ ಅನ್ವಯಿಸುತ್ತೆ. ಇಂಥ ಡಬ್ಬಿಗಳಲ್ಲಿ ಒತ್ತಡಕ್ಕೆ ಸಾಮಾನ್ಯವಾಗಿ ತುಂಬೋದು ಪ್ರೋಪೇನ್, ಬ್ಯೂಟೇನ್, ಡೈಮಿಥೈಲ್ ಈಥರ್ ಇಂಥವು, ಎಲ್ಲಾ ಬೆಂಕಿ ಹತ್ಕೊಳ್ಳೋವೇ, ಎಲ್ಲಾ ಗಾಳಿಗಿಂತ ಭಾರ. ಅಂದ್ರೆ ಮೇಲೆ ಹೋಗಲ್ಲ, ನೀವು ಮಂಡಿಯೂರಿ ಕೂತಿರೋ ನೆಲದ ಮಟ್ಟದಲ್ಲೇ ಹರಡ್ಕೊಂಡು ಇರುತ್ತೆ. ಪಕ್ಕದಲ್ಲಿ ಉರಿಯೋ ಒಲೆ, ಒಳಗೆ ಯಾವಾಗ್ಲೂ ಸಣ್ಣ ಉರಿ (ಪೈಲಟ್) ಇರೋ ಗ್ಯಾಸ್ ಗೀಸರ್, ದೀಪ, ಊದುಬತ್ತಿ ಯಾವ್ದೂ ಇರ್ಬಾರ್ದು. ಧೂಳಿನ ಮಾಸ್ಕ್ ಹಾಕ್ಕೊಂಡ್ರೆ ಹನಿ ಸ್ವಲ್ಪ ತಡೀಬಹುದು, ಆವಿ ತಡೆಯಲ್ಲ, ಕಿಟಕಿ ಬಾಗಿಲು ಎರಡೂ ತೆಗೆದು ಗಾಳಿ ಆಡೋ ಹಾಗಿರ್ಬೇಕು, ಇಲ್ಲಾಂದ್ರೆ ಹೊರಗಡೆ ಮಾಡಿ. ಕ್ವಿಲ್ಟ್ ಅಂಚಿನಾಚೆ ಬಿದ್ದ ತುಂತುರು ನೆಲದ ಮೇಲೆ ಕೂತು ಕಣ್ಣಿಗೆ ಕಾಣಲ್ಲ, ನಡೆದಾಗ ಕಾಲಿಗೆ ಪಚಪಚ ಅಂಟುತ್ತೆ, ಹಾಗಾಗಿ ಕ್ವಿಲ್ಟ್‌ಗಿಂತ ಸುತ್ತ ಒಂದು ಮೊಳ ಜಾಸ್ತಿ ಬರೋ ಹಾಗೆ ಹಳೇ ಬೆಡ್‌ಶೀಟ್ ಹಾಸ್ಕೊಳ್ಳಿ. ಉಸಿರಾಟದ ತೊಂದ್ರೆ ಇರೋರು, ಮನೇಲಿ ಹಕ್ಕಿ ಸಾಕಿರೋರು ಇದರ ತಂಟೆಗೇ ಹೋಗ್ಬೇಡಿ, ಕಚ್ಚಾ ಹೊಲಿಗೆ ಹಾಕಿ ಇಲ್ಲಾ ಬಾಗಿದ ಸೇಫ್ಟಿ ಪಿನ್ ತಗೊಂಡು ಅಂಗೈ ಅಗಲಕ್ಕೊಂದು ಚುಚ್ಚಿ, ಮಂಡಿ ನೋಯುತ್ತೆ ಅಷ್ಟೇ.

ಇಲ್ಲ ಸ್ಪ್ರೇನೇ ಬೇಕು ಅಂದ್ರೆ ಮೊದ್ಲು ಅದೇ ಬಟ್ಟೆ ಅದೇ ಬ್ಯಾಟಿಂಗ್‌ನ ಸಣ್ಣ ತುಂಡಿಗೆ ಹೊಡೆದು ಅಂಟ್ಸಿ, ಮಾರನೇ ದಿನ ಬಿಡ್ಸಿ ನೋಡಿ, ಇನ್ನೊಂದು ತುಂಡಿಗೆ ನಾಲ್ಕು ಸಾಲು ಹೊಲಿಗೆ ಹಾಕಿ ಒಗೆದು ಒಣಗ್ಸಿ ನೋಡಿ. ಹೊಡೆಯೋದು ಬಟ್ಟೆಗಲ್ಲ ಬ್ಯಾಟಿಂಗ್‌ಗೆ, 20ರಿಂದ 25 ಸೆಂಟಿಮೀಟರ್ ದೂರದಿಂದ, ಕೈ ಒಂದೇ ಕಡೆ ನಿಲ್ಸದೆ ತೆಳ್ಳಗೆ. ಒದ್ದೆ ಒದ್ದೆ ಕಾಣ್ತಿದ್ರೆ ಜಾಸ್ತಿ ಆಯ್ತು ಅಂತ ಅರ್ಥ.

ಅಂಗಡಿಗೆ ವಾಪಸ್ ತಗೊಂಡು ಹೋದ್ರೆ ಓಪನ್ ಮಾಡಿರೋ ಡಬ್ಬಿ ತಗೊಳ್ಳಲ್ಲ ಅಂದ್ರು. ಈಗ ಅದು ಫೋಟೋ ಫ್ರೇಮ್ ಹಿಂದಿನ ರಟ್ಟು ಅಂಟ್ಸೋಕೆ ಆಗ್ತಿದೆ, ಅದಕ್ಕಾದ್ರೆ ಚೆನ್ನಾಗೇ ಹಿಡಿಯುತ್ತೆ.